ದುಡ್ಡಿಗಿಂತ ದುಡಿಮೆ ದೊಡ್ಡದು: ಮೊಂಡ್ರಾಗನ್‌ನ ಫಾದರ್ ಅರಿಸ್ಮೆಂಡಿ

ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬರ ಜೀವನಕಥೆ ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಸರಳ. ಈ ಪಾದ್ರಿ ಕಟ್ಟಿದ್ದು ಚರ್ಚನ್ನಲ್ಲ, ಒಂದು ಟೆಕ್ನಿಕಲ್ ಸ್ಕೂಲನ್ನು. ಆ ಸ್ಕೂಲಿನಲ್ಲಿ ಓದಿದ ಐವರು ಹುಡುಗರು ಇಂಜಿನಿಯರುಗಳಾಗಿ ಒಂದು ಸ್ಟೌ ಫ್ಯಾಕ್ಟರಿ ಶುರು ಮಾಡಿದರು. ಅದಕ್ಕೊಬ್ಬ ಮಾಲೀಕ ಅಂತ ಇರಲಿಲ್ಲ. ಅಲ್ಲಿ ದುಡಿಯುವ ಎಲ್ಲರೂ ಅದರ ಮಾಲೀಕರೇ. ಆ ಒಂದು ಬೇರಿನಿಂದ ಚಿಗುರಿದ ಸಂಸ್ಥೆಗಳಲ್ಲಿ ಇವತ್ತು ಸುಮಾರು 70,000 ಜನ ಕೆಲಸ ಮಾಡುತ್ತಿದ್ದಾರೆ.

ಬಂಡವಾಳ ಅಂದ್ರೆ ಪಾಪ, ದುಡ್ಡು ಅಂದ್ರೆ ದೆವ್ವ ಅಂತ ಬೈದು ಸುಮ್ಮನಾದವರು ಬೇಕಾದಷ್ಟು ಜನ ಇದ್ದಾರೆ. ಧರ್ಮದ ಮಾತನ್ನು ಕಂಪನಿಯ ಬೈಲಾ ಆಗಿ ಬರೆದು, ಮೆಷಿನ್ ಹಾಕಿಸಿ, ಲಾಭನೂ ಮಾಡಿ ತೋರಿಸಿದವರು ಕಮ್ಮಿ. ಹಾಗೆ ಮಾಡಿದವರಲ್ಲಿ ಮುಖ್ಯರು ಸ್ಪೇನ್ ದೇಶದ ಬಾಸ್ಕ್ ನಾಡಿನ ಫಾದರ್ ಹೊಸೆ ಮರಿಯಾ ಅರಿಸ್ಮೆಂಡಿಯರಿಯೆಟಾ. ಹೆಸರು ಉದ್ದವಾಯ್ತು. ಊರಿನವರೂ ಅಷ್ಟುದ್ದ ಹೇಳುತ್ತಿರಲಿಲ್ಲ, ದೋನ್ ಹೊಸೆ ಮರಿಯಾ ಅಂತಿದ್ದರು. ನಾವು ಇಲ್ಲಿ ಅರಿಸ್ಮೆಂಡಿ ಅಂತ ಕರೆಯೋಣ.

ಹಳ್ಳಿ, ಸೆಮಿನರಿ, ಯುದ್ಧ

ಅರಿಸ್ಮೆಂಡಿ ಹುಟ್ಟಿದ್ದು 1915ರ ಏಪ್ರಿಲ್ 22ರಂದು, ಬಿಸ್ಕಾಯ ಪ್ರಾಂತ್ಯದ ಮಾರ್ಕಿನಾ ಹತ್ತಿರದ ಒಂದು ರೈತರ ಮನೆಯಲ್ಲಿ. ನಾಲ್ಕು ಮಕ್ಕಳಲ್ಲಿ ಹಿರಿಯ ಮಗ. ಮೂರು ವರ್ಷದವರಿದ್ದಾಗ ಅಪಘಾತವೊಂದರಲ್ಲಿ ಎಡಗಣ್ಣು ಹೋಯಿತು. ಆ ಸೀಮೆಯಲ್ಲಿ ಜಮೀನನ್ನು ಪಾಲು ಮಾಡದೆ ಒಬ್ಬ ಮಗನಿಗೆ ಬಿಟ್ಟುಕೊಡುವ ಪದ್ಧತಿ ಇತ್ತು. ಹಿರಿಯ ಮಗನಾಗಿ ಆಸ್ತಿ ಅವರಿಗೇ ಬರಬೇಕಿತ್ತು. ಅವರು ಅದನ್ನು ಬಿಟ್ಟು ಹನ್ನೆರಡನೇ ವಯಸ್ಸಿಗೆ ಸೆಮಿನರಿ ಸೇರಿದರು, ಅಂದ್ರೆ ಪಾದ್ರಿಗಳಾಗುವವರು ಓದುವ ಗುರುಮಠ. ಮುಂದಿನ ಓದು ವಿಟೋರಿಯಾ ಪಟ್ಟಣದಲ್ಲಿ.

ಸೆಮಿನರಿಯಲ್ಲಿ ಅವರಿಗೆ ಸಿಕ್ಕಿದ್ದು ದೇವಶಾಸ್ತ್ರ ಮಾತ್ರ ಅಲ್ಲ. ಕಾರ್ಖಾನೆಗಳ ಯುಗದಲ್ಲಿ ಚರ್ಚು ಏನು ಹೇಳಬೇಕು ಅನ್ನೋ ಚರ್ಚೆ ಆಗ ಜೋರಾಗಿತ್ತು. 1891ರಲ್ಲಿ ಪೋಪ್ 13ನೇ ಲಿಯೊ ಅವರು ರೇರುಮ್ ನೊವಾರುಮ್ ಎಂಬ ಪರಿಪತ್ರ ಹೊರಡಿಸಿದ್ದರು. ಖಾಸಗಿ ಆಸ್ತಿ ಮನುಷ್ಯನ ಹಕ್ಕು, ಅದನ್ನು ಸರ್ಕಾರ ಕಿತ್ತುಕೊಳ್ಳಬಾರದು ಅನ್ನೋದು ಅದರ ಒಂದು ಮುಖ. ಕಾರ್ಮಿಕನನ್ನು ಸಾಮಾನಿನ ಥರ ನೋಡಬಾರದು, ಸಂಸಾರ ನಡೆಯುವಷ್ಟು ಕೂಲಿ ಕೊಡಲೇಬೇಕು, ಸಂಘ ಕಟ್ಟಿಕೊಳ್ಳುವುದು ಅವನ ಹಕ್ಕು ಅನ್ನೋದು ಇನ್ನೊಂದು ಮುಖ. ನಲವತ್ತು ವರ್ಷದ ಮೇಲೆ, 1931ರಲ್ಲಿ, ಪೋಪ್ 11ನೇ ಪಿಯುಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬರೀ ಕೂಲಿಯ ಕರಾರಿಗೆ ಪಾಲುದಾರಿಕೆಯ ಗುಣವನ್ನೂ ಸ್ವಲ್ಪ ಸೇರಿಸಿದರೆ ಒಳ್ಳೆಯದು, ಕಾರ್ಮಿಕರಿಗೆ ಒಡೆತನದಲ್ಲೋ ಆಡಳಿತದಲ್ಲೋ ಲಾಭದಲ್ಲೋ ಪಾಲು ಸಿಗಲಿ ಎಂದು ಸೂಚಿಸಿದರು. ಕಾಗದದ ಮೇಲೆ ಇದು ಒಂದು ಸೂಚನೆ ಅಷ್ಟೆ. ಅದನ್ನು ನೆಲದ ಮೇಲೆ ಹೇಗೆ ಕಟ್ಟೋದು ಅಂತ ಯಾರೂ ನಕ್ಷೆ ಹಾಕಿಕೊಟ್ಟಿರಲಿಲ್ಲ.

ಅಷ್ಟರಲ್ಲಿ 1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಒಂದು ಕಣ್ಣಿಲ್ಲದ್ದರಿಂದ ಅರಿಸ್ಮೆಂಡಿಯವರನ್ನು ಯುದ್ಧಕ್ಕೆ ಕಳಿಸಲಿಲ್ಲ. ಬಾಸ್ಕ್ ಸರ್ಕಾರದ ಕಡೆ ನಿಂತು, ಬಿಲ್ಬಾವೊದಲ್ಲಿ ಬಾಸ್ಕ್ ಭಾಷೆಯ ದಿನಪತ್ರಿಕೆ ಎಗುನಾದಲ್ಲಿ ಕೆಲಸ ಮಾಡಿದರು. 1937ರ ಜೂನ್‌ನಲ್ಲಿ ಬಿಲ್ಬಾವೊ ಜನರಲ್ ಫ್ರಾಂಕೊನ ಸೈನ್ಯದ ವಶವಾಯಿತು. ಅರಿಸ್ಮೆಂಡಿ ಜೈಲು ಸೇರಿದರು. ಎಷ್ಟೋ ಜನ ಗುಂಡಿಗೆ ಬಲಿಯಾದ ಆ ದಿನಗಳಲ್ಲಿ ಅವರು ಜೀವ ಉಳಿಸಿಕೊಂಡು ಹೊರಗೆ ಬಂದರು. 1940ರ ಕೊನೆಗೆ ಗುರುದೀಕ್ಷೆ ಆಯಿತು. ಬೆಲ್ಜಿಯಮ್‌ಗೆ ಹೋಗಿ ಸಮಾಜಶಾಸ್ತ್ರ ಓದುವ ಆಸೆ ಅವರದು. ಬಿಷಪ್ ಒಪ್ಪಲಿಲ್ಲ. 1941ರ ಫೆಬ್ರವರಿಯಲ್ಲಿ ಮೊಂಡ್ರಾಗನ್ ಎಂಬ ಸಣ್ಣ ಪಟ್ಟಣಕ್ಕೆ ಸಹಾಯಕ ಪಾದ್ರಿಯಾಗಿ ಕಳಿಸಿಬಿಟ್ಟರು.

ಬೀಗದ ಕಾರ್ಖಾನೆಯ ಊರು

ಮೊಂಡ್ರಾಗನ್ ಆಗ ಏಳೆಂಟು ಸಾವಿರ ಜನರಿದ್ದ ಊರು. ಕಬ್ಬಿಣದ ಕೆಲಸ ಅಲ್ಲಿ ತಲೆತಲಾಂತರದಿಂದ ಬಂದದ್ದು. ಉನಿಯೋನ್ ಸೆರಹೇರಾ ಎಂಬ ಬೀಗ ಮತ್ತು ಉಕ್ಕಿನ ಕಂಪನಿಯೇ ಊರಿಗೆ ದೊಡ್ಡ ಅನ್ನದಾತ. ಆ ಊರಿಗೆ ಆಗಿದ್ದ ಗಾಯ ಮಾತ್ರ ಇನ್ನೂ ಹಸಿಯಾಗಿತ್ತು. 1934ರ ಕಾರ್ಮಿಕ ದಂಗೆಯಲ್ಲಿ ಕಂಪನಿಯ ಮುಖ್ಯಸ್ಥರೊಬ್ಬರ ಕೊಲೆಯಾಗಿತ್ತು. 1936ರಲ್ಲಿ ಫ್ರಾಂಕೊನ ಸೈನ್ಯ ಬಂದಾಗ ಊರಿನ ಹಲವರಿಗೆ ಗುಂಡಿಕ್ಕಿತು. ಅವರಲ್ಲಿ ಊರಿನ ಮುಖ್ಯ ಪಾದ್ರಿಯೂ ಇದ್ದರು. ಮಾಲೀಕರ ಕಡೆಯವರಿಗೂ ಕಾರ್ಮಿಕರ ಕಡೆಯವರಿಗೂ ಅಳಲು ಒಬ್ಬೊಬ್ಬರು ಸತ್ತವರಿದ್ದ ಊರು ಅದು. ಹಸಿವು, ಕ್ಷಯರೋಗ, ಒಬ್ಬರ ಮೇಲೊಬ್ಬರಿಗೆ ಅನುಮಾನ. ಇಂಥಾ ಕಡೆಗೆ ಇಪ್ಪತ್ತಾರು ತುಂಬದ ಒಬ್ಬ ಪಾದ್ರಿ ಬಂದಿಳಿದರು.

ಮೊದಮೊದಲು ಜನ ಅವರನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅವರ ಪ್ರಸಂಗ ಕೇಳಿದರೆ ನಿದ್ದೆ ಬರುತ್ತೆ ಅನ್ನೋದು ಊರಿನ ದೂರು. ಒಂದೇ ರಾಗ, ತಿರುಚಿದ ವಾಕ್ಯ. ಬೇರೆ ಪಾದ್ರಿ ಕೊಡಿ ಅಂತ ಬಿಷಪ್‌ಗೆ ಕೇಳಿದವರೂ ಇದ್ದರಂತೆ. ಆದರೆ ಚರ್ಚಿನ ವೇದಿಕೆಯಿಂದ ಕೆಳಗಿಳಿದು ಹತ್ತು ಹುಡುಗರ ಜತೆ ಕೂತರೆ ಆ ಮನುಷ್ಯನೇ ಬೇರೆ. ಕೂಲಿ ಅಂದ್ರೇನು, ಆಸ್ತಿ ಅಂದ್ರೇನು, ಊರಿನ ಜವಾಬ್ದಾರಿ ಯಾರದು ಅಂತ ಯುವಕರೊಂದಿಗೆ ಚರ್ಚಾಕೂಟ ನಡೆಸಿದರು. ಮೊದಲ ಹದಿನೈದು ವರ್ಷಗಳಲ್ಲಿ ಇಂಥಾ ಕೂಟಗಳು ಎರಡು ಸಾವಿರ ದಾಟಿದವು. ಲೆಕ್ಕ ಹಾಕಿ ನೋಡಿ, ಸರಾಸರಿ ಎರಡೂವರೆ ಮೂರು ದಿನಕ್ಕೊಂದು. ಜತೆಗೆ ಫುಟ್‌ಬಾಲ್ ಮೈದಾನ ಮಾಡಿಸಿದರು, ಕ್ಷಯರೋಗಿಗಳಿಗೆ ದವಾಖಾನೆಗೆ ಓಡಾಡಿದರು. ಸೈಕಲ್ ತುಳಿದುಕೊಂಡು ಊರೆಲ್ಲಾ ಸುತ್ತುತ್ತಿದ್ದರು.

ಕಂಪನಿಯಲ್ಲಿ ಒಂದು ಅಪ್ರೆಂಟಿಸ್ ಶಾಲೆ ಇತ್ತು. ಅಲ್ಲಿ ಸೀಟು ಮುಖ್ಯವಾಗಿ ಕಂಪನಿ ನೌಕರರ ಮಕ್ಕಳಿಗೆ. ಅರಿಸ್ಮೆಂಡಿ ಅಲ್ಲಿ ಪಾಠ ಹೇಳುತ್ತಿದ್ದರು. ಊರಿನ ಎಲ್ಲ ಮಕ್ಕಳಿಗೂ ಬಾಗಿಲು ತೆಗೆಯಿರಿ ಅಂತ ಕಂಪನಿಯನ್ನು ಕೇಳಿಕೊಂಡರು. ಕಂಪನಿ ಒಪ್ಪಲಿಲ್ಲ. ಅವರು ಜಗಳಕ್ಕೆ ಹೋಗಲಿಲ್ಲ. ಬೀದಿ ಮೂಲೆಗಳಲ್ಲಿ ಡಬ್ಬಿ ಇಡಿಸಿದರು. ಹೊಸ ಶಾಲೆಗೆ ಯಾರು ಏನು ಕೊಡಬಲ್ಲರೋ ಚೀಟಿ ಬರೆದು ಹಾಕಲಿ, ದುಡ್ಡಾದರೆ ದುಡ್ಡು, ಮೈಕೆಲಸವಾದರೆ ಮೈಕೆಲಸ. ಸುಮಾರು 600 ಚೀಟಿ ಬಂದವು. ಕೊಟ್ಟವರೇ ಆಡಳಿತ ಮಂಡಳಿಯನ್ನು ಆರಿಸಬೇಕು ಅಂತ ಇಟ್ಟರು. 1943ರ ಅಕ್ಟೋಬರ್‌ನಲ್ಲಿ 20 ಹುಡುಗರೊಂದಿಗೆ ಶಾಲೆ ಶುರುವಾಯಿತು. ಸರ್ವಾಧಿಕಾರಿಯ ದೇಶದಲ್ಲಿ, ಓಟು ಹಾಕುವ ಅಭ್ಯಾಸವನ್ನೇ ಜನ ಮರೆತಿದ್ದ ಕಾಲದಲ್ಲಿ, ಒಂದು ಐಟಿಐ ಥರದ ಶಾಲೆಯಲ್ಲಿ ಚುನಾವಣೆ!

ಐದು ಇನಿಶಿಯಲ್ಲು, ಒಂದು ಫ್ಯಾಕ್ಟರಿ

ಮೊದಲ ಬ್ಯಾಚಿನ ಹುಡುಗರು ಟೆಕ್ನಿಷಿಯನ್‌ಗಳಾಗಿ ಕೆಲಸಕ್ಕೆ ಸೇರಿದರು. ಅಷ್ಟಕ್ಕೇ ನಿಲ್ಲಿಸೋಕೆ ಅರಿಸ್ಮೆಂಡಿಗೆ ಮನಸ್ಸಿರಲಿಲ್ಲ. ಕಾರ್ಮಿಕರ ಮಕ್ಕಳಿಗೆ ಇಂಜಿನಿಯರಿಂಗ್ ಕನಸಿನ ಮಾತು, ಊರು ಬಿಟ್ಟು ಹೋಗಿ ಓದುವಷ್ಟು ದುಡ್ಡು ಯಾರ ಮನೆಯಲ್ಲೂ ಇರಲಿಲ್ಲ. ಅವರು ಸರಗೋಸಾ ವಿಶ್ವವಿದ್ಯಾಲಯದವರೊಂದಿಗೆ ಮಾತಾಡಿ, ಊರಲ್ಲೇ ಇದ್ದು ಓದಿ ಪರೀಕ್ಷೆಗೆ ಮಾತ್ರ ಅಲ್ಲಿಗೆ ಹೋಗುವ ಏರ್ಪಾಡು ಮಾಡಿದರು. ಹಗಲು ಕಾರ್ಖಾನೆ, ಸಂಜೆ ಪುಸ್ತಕ. 1952ರಲ್ಲಿ ಹನ್ನೊಂದು ಜನ ಡಿಗ್ರಿ ಮುಗಿಸಿದರು.

ಇಲ್ಲೇ ಕಥೆಯ ನಿಜವಾದ ತಿರುವು. ಈ ಹುಡುಗರು ಮೊದಲು ತಮ್ಮ ಕಂಪನಿಯನ್ನೇ ಒಳಗಿಂದ ಬದಲಾಯಿಸಲು ನೋಡಿದರು. ಕಂಪನಿ ಹೊಸ ಷೇರು ಹೊರಡಿಸುವಾಗ ಕಾರ್ಮಿಕರಿಗೂ ಷೇರು ಕೊಡಿ ಅಂತ ಕೇಳಿದರು. ಆಗಲಿಲ್ಲ. ಡಿಗ್ರಿ ಕೈಯಲ್ಲಿತ್ತು, ಬಡ್ತಿ ಎದುರಿಗಿತ್ತು. ಸುಮ್ಮನೆ ಇದ್ದಿದ್ದರೆ ಹಾಯಾಗಿ ಮೇಲೆ ಹೋಗುತ್ತಿದ್ದರು, ಯಾರೂ ಕೆಟ್ಟವರು ಅಂತಿರಲಿಲ್ಲ. ಅವರಲ್ಲಿ ಐವರು ಕೆಲಸ ಬಿಟ್ಟರು: ಉಸಟೊರೆ, ಲರನ್ಯಾಗ, ಗೊರೊನ್ಯೊಗೊಯ್ತಿಯಾ, ಒರ್ಮಯೆಚೆಯಾ, ಒರ್ತುಬಾಯ್. ಐದು ಮನೆತನದ ಹೆಸರುಗಳ ಮೊದಲಕ್ಷರ ಸೇರಿಸಿ ಹೊಸ ಕಂಪನಿಗೆ ಉಲ್ಗೊರ್ ಅಂತ ಹೆಸರಿಟ್ಟರು.

ಫ್ರಾಂಕೊನ ಕಾಲದಲ್ಲಿ ಹೊಸ ಕಾರ್ಖಾನೆಗೆ ಲೈಸೆನ್ಸ್ ಸಿಗೋದು ಸುಲಭ ಇರಲಿಲ್ಲ. ಹಾಗಾಗಿ 1955ರಲ್ಲಿ ವಿಟೋರಿಯಾದಲ್ಲಿ ಮುಳುಗಿಹೋಗಿದ್ದ ಒಂದು ಸಣ್ಣ ಕಂಪನಿಯನ್ನು, ಅದರ ಲೈಸೆನ್ಸಿಗೋಸ್ಕರ ಕೊಂಡರು. ದುಡ್ಡು ಬಂದದ್ದು ಊರಿನ ನೂರರಷ್ಟು ಜನರಿಂದ. ಏನು ತಯಾರಿಸುತ್ತಾರೆ ಅಂತ ಪೂರ್ತಿ ಗೊತ್ತಾಗುವ ಮೊದಲೇ, ಈ ಹುಡುಗರ ಮೇಲೆ ಮತ್ತು ಪಾದ್ರಿಯ ಮೇಲೆ ನಂಬಿಕೆ ಇಟ್ಟು ಕೊಟ್ಟ ದುಡ್ಡು ಅದು. 1956ರಲ್ಲಿ ಮೊಂಡ್ರಾಗನ್‌ನಲ್ಲೇ ಕಟ್ಟಡ ಎದ್ದಿತು. ಎರಡು ಡಜನ್ ಕೆಲಸಗಾರರು ಸೇರಿ ಸೀಮೆಎಣ್ಣೆ ಸ್ಟೌ ಮಾಡತೊಡಗಿದರು.

ಇಂಥಾ ಕಂಪನಿಗೆ ಕಾನೂನಿನಲ್ಲಿ ಏನಂತ ಹೆಸರು? ಅದನ್ನು ಹುಡುಕುವ ಕೆಲಸ ಅರಿಸ್ಮೆಂಡಿಯವರದ್ದು. ಕಾನೂನು ಪುಸ್ತಕ ತಿರುವಿ ಹಾಕಿ, ವಕೀಲರನ್ನು ಕಂಡು, ಕೊನೆಗೆ ಸಹಕಾರಿ ಸಂಘದ ಚೌಕಟ್ಟನ್ನು ಆರಿಸಿದರು. ಬೈಲಾ ಪಕ್ಕಾ ಆಗುವ ಹೊತ್ತಿಗೆ 1959 ಬಂದಿತ್ತು.

ಸಹಕಾರಿ ಅಂದ ಕೂಡಲೇ ನಮಗೆ ನೆನಪಾಗೋದು ಹಳ್ಳಿಯ ಹಾಲಿನ ಸೊಸೈಟಿ. ಅಲ್ಲಿ ಹಾಲು ಹಾಕುವ ರೈತರು ಸದಸ್ಯರು. ಹಾಲನ್ನು ಪ್ಯಾಕೆಟ್ ಮಾಡುವ ಡೈರಿಯಲ್ಲಿ ದುಡಿಯುವವರು ಸಂಬಳದ ನೌಕರರು. ಉಲ್ಗೊರ್‌ನಲ್ಲಿ ಹಾಗಲ್ಲ, ಲೇತ್ ಮುಂದೆ ನಿಂತವನೇ ಸದಸ್ಯ. ಸೇರುವಾಗ ಪ್ರತಿಯೊಬ್ಬರೂ ಒಂದಿಷ್ಟು ಬಂಡವಾಳ ಹಾಕಬೇಕು, ಕೈಯಲ್ಲಿಲ್ಲದಿದ್ದರೆ ಸಂಬಳದಲ್ಲಿ ಕಂತು. ಬಂಡವಾಳ ಎಷ್ಟೇ ಇರಲಿ, ಸಾಮಾನ್ಯ ಸಭೆಯಲ್ಲಿ ತಲೆಗೊಂದೇ ಓಟು. ಆ ಸಭೆ ಆಡಳಿತ ಮಂಡಳಿಯನ್ನು ಆರಿಸುತ್ತೆ, ಮಂಡಳಿ ಮ್ಯಾನೇಜರನ್ನು ನೇಮಿಸುತ್ತೆ. ಲಾಭದಲ್ಲಿ ಒಂದು ಪಾಲು ಮೀಸಲು ನಿಧಿಗೆ, 10 ಪರ್ಸೆಂಟ್ ಊರಿನ ಶಿಕ್ಷಣದಂಥ ಕೆಲಸಕ್ಕೆ, ಉಳಿದದ್ದು ಸದಸ್ಯರ ಖಾತೆಗೆ. ಖಾತೆಯ ಅಸಲನ್ನು ಕೆಲಸ ಬಿಡುವವರೆಗೂ ತೆಗೆಯುವಂತಿಲ್ಲ, ಅದೇ ಫ್ಯಾಕ್ಟರಿ ಬೆಳೆಯೋಕೆ ಬಂಡವಾಳ. ಇನ್ನು ಸಂಬಳ: ಅತಿ ಕಡಿಮೆ ಒಂದು ಇದ್ದರೆ ಅತಿ ಹೆಚ್ಚು ಮೂರು. ಕಸ ಗುಡಿಸುವವರಿಗೂ ಮುಖ್ಯ ಇಂಜಿನಿಯರ್‌ಗೂ ಇರಬಹುದಾದ ಅಂತರ ಅಷ್ಟೇ. ಹೊರಗಿನ ಕಂಪನಿಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿದ್ದ ಸ್ಥಾಪಕರು ಈ ಮಿತಿಯನ್ನು ತಮ್ಮ ಮೇಲೆ ತಾವೇ ಹಾಕಿಕೊಂಡರು.

ಗಮನಿಸಿ, ಇಲ್ಲಿ ಯಾರೂ ಮಾರುಕಟ್ಟೆಯನ್ನು ರದ್ದು ಮಾಡಲಿಲ್ಲ. ಸ್ಟೌ ಚೆನ್ನಾಗಿಲ್ಲದಿದ್ದರೆ ಯಾರೂ ಕೊಳ್ಳಲ್ಲ, ಕಂಪನಿ ಮುಚ್ಚುತ್ತೆ. ಆಸ್ತಿಯನ್ನೂ ರದ್ದು ಮಾಡಲಿಲ್ಲ, ಎಲ್ಲರಿಗೂ ಹಂಚಿದರು. ಬದಲಾದದ್ದು ಒಂದೇ. ಮಾಮೂಲಿ ಕಂಪನಿಯಲ್ಲಿ ದುಡ್ಡು ಕೆಲಸಗಾರನನ್ನು ಬಾಡಿಗೆಗೆ ಹಿಡಿಯುತ್ತೆ, ಉಳಿದ ಲಾಭ ದುಡ್ಡಿನದ್ದು. ಇಲ್ಲಿ ಕೆಲಸಗಾರರು ದುಡ್ಡನ್ನು ಬಾಡಿಗೆಗೆ ತರುತ್ತಾರೆ, ಅದಕ್ಕೆ ಬಡ್ಡಿ ಕೊಡುತ್ತಾರೆ, ಉಳಿದದ್ದು ಮತ್ತು ತೀರ್ಮಾನ ತಮ್ಮದು. ದುಡಿಮೆ ಯಜಮಾನ, ದುಡ್ಡು ಸಲಕರಣೆ. ದೇವರು ಮನುಷ್ಯನನ್ನು ಸೃಷ್ಟಿಕಾರ್ಯದಲ್ಲಿ ಪಾಲುದಾರನನ್ನಾಗಿ ಮಾಡಿದ್ದಾನೆ, ಕೆಲಸವೇ ಆ ಪಾಲು ಎಂಬ ನಂಬಿಕೆ ಅರಿಸ್ಮೆಂಡಿಯವರದು. ಹಾಗಿರುವಾಗ ಕೆಲಸ ಮಾಡುವವನನ್ನು ಖರ್ಚಿನ ಕಾಲಮ್ಮಿನಲ್ಲಿ ಬರೆಯೋದು ಅವರಿಗೆ ಬರೀ ಅನ್ಯಾಯ ಅಲ್ಲ, ತಪ್ಪು ಲೆಕ್ಕ.

ಬ್ಯಾಂಕು ಬೇಡ ಅಂದವರಿಗೆ ಬ್ಯಾಂಕು

1959ರ ಹೊತ್ತಿಗೆ ಅರಿಸ್ಮೆಂಡಿ ಇನ್ನೊಂದು ಪ್ಲಾನ್ ತಂದರು: ನಮ್ಮದೇ ಬ್ಯಾಂಕು. ಇಂಜಿನಿಯರುಗಳಿಗೆ ನಗು ಬಂತು. ನಿನ್ನೆಯವರೆಗೆ ಶಾಲೆ, ಇವತ್ತು ಸ್ಟೌ, ನಾಳೆ ಬ್ಯಾಂಕಾ? ಸ್ಟೌ ಮಾಡೋರಿಗೆ ಬ್ಯಾಂಕಿನ ಗಂಧಗಾಳಿ ಗೊತ್ತಿಲ್ಲ ಅಂತ ಖಡಾಖಂಡಿತವಾಗಿ ಬೇಡ ಅಂದರು. ಅರಿಸ್ಮೆಂಡಿ ಬಿಡಲಿಲ್ಲ. ಅರ್ಜಿಗೆ ಬೇಕಾದ ಸಭೆಯ ದಾಖಲೆಯಲ್ಲಿ ಇಬ್ಬರು ಸ್ಥಾಪಕರ ಸಹಿಯನ್ನು ಅವರಿಗೆ ಹೇಳದೆ ತಾವೇ ಹಾಕಿ ಕಳಿಸಿದರು ಅನ್ನೋ ಕಥೆ ಮೊಂಡ್ರಾಗನ್‌ನಲ್ಲಿ ಇವತ್ತಿಗೂ ಓಡಾಡುತ್ತೆ. ಪಾದ್ರಿಯ ಕೆಲಸವಾ ಇದು ಅಂತ ಕೇಳಿದರೆ ಉತ್ತರ ಕಷ್ಟ. ಸಂತರ ಕಥೆ ಬರೆಯುವವರು ಇಂಥದ್ದನ್ನು ಬಿಟ್ಟುಬಿಡುತ್ತಾರೆ. ನಾವು ಬಿಡುತ್ತಿಲ್ಲ, ಒಳ್ಳೆಯ ಉದ್ದೇಶಕ್ಕೂ ಅಡ್ಡದಾರಿ ಅಡ್ಡದಾರಿಯೇ.

ಬ್ಯಾಂಕಿನ ಹೆಸರು ಕಾಹಾ ಲಬೊರಾಲ್, ದುಡಿಮೆಯ ಖಜಾನೆ ಅಂತಿಟ್ಟುಕೊಳ್ಳಿ. ಊರಿನವರಿಗೆ ಹೇಳಿದ್ದು ಇಷ್ಟೇ: ಇಲ್ಲಿ ಪಾಸ್‌ಬುಕ್ ಮಾಡಿಸಿ ಉಳಿತಾಯ ಹಾಕಿದರೆ ಇಲ್ಲೇ ಕೆಲಸ ಹುಟ್ಟುತ್ತೆ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಹೊರದೇಶಕ್ಕೆ ಗುಳೆ ಹೋಗಬೇಕಾಗುತ್ತೆ. ಜನ ದುಡ್ಡು ಹಾಕಿದರು. ಆ ದುಡ್ಡಿನಿಂದ ಹೊಸ ಸಹಕಾರಿಗಳು ಒಂದರ ಹಿಂದೆ ಒಂದು ಎದ್ದವು. ಬರೀ ಸಾಲ ಕೊಟ್ಟು ಕೈತೊಳೆದುಕೊಳ್ಳದೆ, ಯಾವ ವಸ್ತು ಓಡುತ್ತೆ, ಯಂತ್ರ ಯಾವುದು ಅಂತ ಲೆಕ್ಕ ಹಾಕಿಕೊಡುವ ಒಂದು ವಿಭಾಗವೇ ಬ್ಯಾಂಕಿನಲ್ಲಿತ್ತು. ಇನ್ನೊಂದು ತೊಂದರೆ ಬಂತು. ಸಹಕಾರಿ ಸದಸ್ಯರು ಸ್ವಂತ ಉದ್ಯೋಗಿಗಳು, ನೌಕರರಲ್ಲ ಅಂತ ಸರ್ಕಾರ ಅವರನ್ನು ಸಾಮಾಜಿಕ ವಿಮೆಯಿಂದ ಹೊರಗಿಟ್ಟಿತು. ಆಸ್ಪತ್ರೆ ಖರ್ಚಿಗೆ, ಪಿಂಚಣಿಗೆ ತಮ್ಮದೇ ವ್ಯವಸ್ಥೆ ಮಾಡಿಕೊಂಡರು, ಅದೇ ಮುಂದೆ ಲಗುನ್ ಆರೊ.

1966ರಲ್ಲಿ ಅಲೆಕೋಪ್ ಎಂಬ ಸಹಕಾರಿ ಶುರುವಾಯಿತು. ಇದು ನಮಗೆ ತುಂಬಾ ಹತ್ತಿರದ್ದು, ಯಾಕಂದ್ರೆ ಸದಸ್ಯರು ವಿದ್ಯಾರ್ಥಿಗಳೇ. ದಿನದ ಒಂದು ಹೊತ್ತು ಫ್ಯಾಕ್ಟರಿ, ಇನ್ನೊಂದು ಹೊತ್ತು ಕ್ಲಾಸು, ದುಡಿದ ದುಡ್ಡಲ್ಲಿ ಫೀಸು. ಮನೆಯಲ್ಲಿ ಬಡತನ ಅಂತ ಯಾರೂ ಓದು ಬಿಡಬಾರದು, ಓದಿದವನು ಕೈಕೆಲಸವನ್ನು ಕೀಳಾಗಿ ನೋಡಬಾರದು ಅನ್ನೋದು ಉದ್ದೇಶ. ಮದುವೆಯಾದ ಹೆಂಗಸರನ್ನು ಫ್ಯಾಕ್ಟರಿಗಳು ಕೆಲಸದಿಂದ ಬಿಡಿಸುತ್ತಿದ್ದ ಕಾಲದಲ್ಲಿ, 1969ರಲ್ಲಿ, ಅಂಥವರಿಗೇ ಅಡುಗೆ ಮತ್ತು ಸ್ವಚ್ಛತೆ ಕೆಲಸದ ಔಸೊ ಲಗುನ್ ಸಹಕಾರಿ ಹುಟ್ಟಿತು. 1974ರಲ್ಲಿ ಇಕೆರ್ಲಾನ್ ಎಂಬ ಸಂಶೋಧನಾ ಕೇಂದ್ರ ಬಂತು. ಬೇರೆಯವರ ಡಿಸೈನ್ ಲೈಸೆನ್ಸಿನ ಮೇಲೆ ಎಷ್ಟು ದಿನ ಬದುಕೋದು ಅನ್ನೋ ಚಿಂತೆಯ ಫಲ ಅದು.

ಇಷ್ಟೆಲ್ಲದರ ನಡುವೆ ಅರಿಸ್ಮೆಂಡಿ ಯಾವ ಸಂಸ್ಥೆಯ ಅಧ್ಯಕ್ಷರೂ ಅಲ್ಲ, ಮ್ಯಾನೇಜರೂ ಅಲ್ಲ. ಕೊನೆವರೆಗೂ ಸಹಾಯಕ ಪಾದ್ರಿ, ಶಾಲೆಯ ಮೇಷ್ಟ್ರು. ಊರಿನ ಕೆಲವು ಉದ್ಯಮಿಗಳಿಗೆ ಅವರು ಕೆಂಪು ಪಾದ್ರಿ, ಎಡಪಂಥದ ಯುವಕರಿಗೆ ಬಂಡವಾಳಶಾಹಿಗೆ ಬಣ್ಣ ಹಚ್ಚುವವರು. ಎರಡೂ ಕಡೆಯಿಂದ ಬೈಸಿಕೊಂಡರು.

ಪೆಟ್ಟು ಬಿದ್ದದ್ದು ಮನೆಯೊಳಗೆ

1974ರ ಹೊತ್ತಿಗೆ ಉಲ್ಗೊರ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ. ಯಾವ ಕೆಲಸಕ್ಕೆ ಯಾವ ದರ್ಜೆ ಅಂತ ಆಡಳಿತ ಮರುಲೆಕ್ಕ ಹಾಕಿತು. ದರ್ಜೆ ತಗ್ಗಿತು ಅಂತ ಸಿಟ್ಟಾದ ನೂರಾರು ಜನ ಮುಷ್ಕರ ಹೂಡಿದರು. ತಮ್ಮದೇ ಕಂಪನಿಯ ಮೇಲೆ ಮುಷ್ಕರವಾ ಅಂತ ಮಂಡಳಿ ಕೇಳಿತು. ನಮ್ಮದೇ ಆಗಿದ್ದರೆ ನಮ್ಮ ಮಾತು ಯಾಕೆ ಮೇಲೆ ಮುಟ್ಟಲ್ಲ ಅಂತ ಮುಷ್ಕರದವರು ಕೇಳಿದರು. 17 ಜನರನ್ನು ಕೆಲಸದಿಂದ ತೆಗೆದರು. ಸಾಮಾನ್ಯ ಸಭೆಯೂ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಊರೇ ಎರಡು ಭಾಗವಾಯಿತು. ಅವರನ್ನು ವಾಪಸ್ ತೆಗೆದುಕೊಳ್ಳುವ ತೀರ್ಮಾನ ಬಂದದ್ದು 1978ರಲ್ಲಿ. ಅದನ್ನು ನೋಡಲು ಅರಿಸ್ಮೆಂಡಿ ಇರಲಿಲ್ಲ. ಹೃದಯದ ಕಾಯಿಲೆಯಿಂದ ನರಳಿ 1976ರ ನವೆಂಬರ್ 29ರಂದು ಮೊಂಡ್ರಾಗನ್‌ನಲ್ಲೇ ತೀರಿಕೊಂಡರು. ವಯಸ್ಸು 61.

ಅವರ ಶಾಲೆ ಇವತ್ತು ಮೊಂಡ್ರಾಗನ್ ವಿಶ್ವವಿದ್ಯಾಲಯದ ಭಾಗ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜನೀಯರು ಎಂದು ಘೋಷಿಸಿದರು, ಸಂತ ಪದವಿಯ ಹಾದಿಯಲ್ಲಿ ಅದೊಂದು ಮೆಟ್ಟಿಲು. ಆದರೆ ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಉಲ್ಗೊರ್‌ನಿಂದ ಬೆಳೆದ ಫಾಗೊರ್ ಗೃಹೋಪಯೋಗಿ ಕಂಪನಿ ಸಾಲದ ಹೊರೆಗೆ ಕುಸಿದು ದಿವಾಳಿಯಾಗಿತ್ತು. ಬಾಸ್ಕ್ ನಾಡಿನ ಸದಸ್ಯರಲ್ಲಿ ಬಹಳ ಜನರಿಗೆ ಬೇರೆ ಸಹಕಾರಿಗಳು ಜಾಗ ಮಾಡಿಕೊಟ್ಟವು. ಪೋಲೆಂಡಿನಂಥ ಹೊರದೇಶಗಳ ಘಟಕಗಳಲ್ಲಿದ್ದವರು ಸದಸ್ಯರಾಗಿರಲಿಲ್ಲ, ಬರೀ ನೌಕರರು. ಅವರಿಗೆ ಆ ಆಸರೆ ಸಿಗಲಿಲ್ಲ. ಕಾರ್ಮಿಕರೇ ಮಾಲೀಕರಾದ ಮೇಲೆ, ಆ ಮಾಲೀಕರ ಕೈಕೆಳಗೆ ಇನ್ನೊಬ್ಬ ಕಾರ್ಮಿಕ! ಅರಿಸ್ಮೆಂಡಿ ಎತ್ತಿದ ಪ್ರಶ್ನೆ ಅವರು ಕಟ್ಟಿದ ಮನೆಯ ಬಾಗಿಲನ್ನೇ ಬಂದು ತಟ್ಟಿತು.

ಆದರೂ ನಮಗೆ ಈ ಜೀವನ ದೊಡ್ಡದಾಗಿ ಕಾಣೋದು ಒಂದು ಕಾರಣಕ್ಕೆ. ನ್ಯಾಯ ಅನ್ನೋದನ್ನು ಅವರು ಒಳ್ಳೆಯ ಮನಸ್ಸಿಗೆ ಬಿಡಲಿಲ್ಲ, ಡಿಸೈನ್ ಮಾಡಿದರು. ಮಾಲೀಕ ದಯಾಳುವಾಗಿರಲಿ ಅಂತ ಪ್ರಾರ್ಥಿಸುವ ಬದಲು, ಮಾಲೀಕನ ದಯೆ ಬೇಕೇ ಆಗದ ಹಾಗೆ ಓಟು, ಸಂಬಳ, ಲಾಭ, ವಿಮೆ ಎಲ್ಲದಕ್ಕೂ ನಿಯಮ ಬರೆಸಿದರು. ತಪ್ಪಾದಲ್ಲಿ ತಿದ್ದುವ ಅಧಿಕಾರವನ್ನೂ ದುಡಿಯುವವರ ಕೈಗೇ ಕೊಟ್ಟರು. ಲೋಡ್ ಎಲ್ಲಿ ಬೀಳುತ್ತೆ, ಯಾರು ಹೊರುತ್ತಾರೆ ಅಂತ ಲೆಕ್ಕ ಹಾಕೋದು ನಾವು ಕಲಿಯುವ ವಿದ್ಯೆ. ಸೇತುವೆಗೆ ಹಾಕುವ ಆ ಲೆಕ್ಕವನ್ನು ನಾಳೆ ನಾವು ಸೇರುವ, ಅಥವಾ ನಾವೇ ಶುರು ಮಾಡುವ ಕಂಪನಿಗೂ ಒಮ್ಮೆ ಹಾಕಿ ನೋಡಬಹುದಲ್ವಾ? ಅಲ್ಲಿ ಬರುವ ಲಾಭದ ಹಿಂದೆ ಯಾರ ದುಡಿಮೆ ಇದೆ, ಅದರಲ್ಲಿ ಯಾರಿಗೆ ಪಾಲಿದೆ, ಯಾರಿಗೆ ಮಾತಿದೆ? ಹನ್ನೊಂದು ಜನ ಡಿಗ್ರಿ ಪಡೆದರೂ ಕೆಲಸ ಬಿಟ್ಟು ಉಲ್ಗೊರ್ ಕಟ್ಟಿದವರು ಐವರೇ. ಆ ಐದು ಇನಿಶಿಯಲ್ಲು ಸಾಕಾಯಿತು.